ಗೋದಾವರಿಗೆ ಅಣೆ ಕಟ್ಟಿದ ಕಾಟನ್ ದೊರೆ

ಇಂದು ಮೇ 15. ಗೋದಾವರಿ ನದಿ ಕವಲೊಡೆದು ಸಮುದ್ರ ಸೇರುವ ಆಂಧ್ರದ ಸೀಮೆಯಲ್ಲಿ ಈ ದಿನ ಊರೂರುಗಳ ಒಂದು ಪ್ರತಿಮೆಗೆ ಹೂವಿನ ಹಾರ ಬೀಳುತ್ತದೆ. ಅದು ಯಾವ ದೇವರದೂ ಅಲ್ಲ, ಸ್ವಾತಂತ್ರ್ಯ ಸಮರದ ಧುರೀಣರದೂ ಅಲ್ಲ. ಈಸ್ಟ್ ಇಂಡಿಯಾ ಕಂಪೆನಿಯ ಸಂಬಳ ಪಡೆಯುತ್ತಿದ್ದ ಒಬ್ಬ ಆಂಗ್ಲ ಇಂಜಿನಿಯರರದು. ಹೆಸರು ಸರ್ ಆರ್ಥರ್ ಕಾಟನ್. ತೆಲುಗು ರೈತನ ಬಾಯಲ್ಲಿ ಅವರು ಕಾಟನ್ ದೊರೆ. ಬಿಳಿಯರ ಆಡಳಿತದ ಕುರುಹುಗಳನ್ನು ದೇಶದ ಎಷ್ಟೋ ಕಡೆ ಕಿತ್ತು ಹಾಕಿದ ಮೇಲೂ ಗೋದಾವರಿ ಸೀಮೆಯವರು ಈ ದೊರೆಯ ಹೊಸ ಹೊಸ ಪ್ರತಿಮೆಗಳನ್ನು ನಿಲ್ಲಿಸುತ್ತಲೇ ಬಂದಿದ್ದಾರೆ.

ಕಾಸರಗೋಡಿನ ಪತ್ರಿಕೆಗೆ ಈ ಕಥೆ ಏಕೆ ಎಂದು ಓದುಗರು ಕೇಳಬಹುದು. 1799ರಿಂದ 1956ರ ತನಕ ನಾವು ಮದರಾಸಿನ ಆಡಳಿತಕ್ಕೆ ಸೇರಿದವರು. ಕಾಟನ್ನರು ಮದರಾಸಿನಲ್ಲಿ ದುಡಿಯುತ್ತಿದ್ದ ಕಾಲಕ್ಕೆ ನಮ್ಮ ಈ ಸೀಮೆ ಕೆನರಾ ಜಿಲ್ಲೆಯ ಬೇಕಲ ತಾಲೂಕಾಗಿತ್ತು. ಅದೊಂದು ಸಂಬಂಧ. ಇನ್ನೊಂದು, ಇದು ಮೇ ತಿಂಗಳು. ಹನ್ನೆರಡು ಹೊಳೆಗಳಿರುವ ಜಿಲ್ಲೆಯೆಂದು ಹೇಳಿಕೊಳ್ಳುವ ನಮ್ಮಲ್ಲಿ ಈ ತಿಂಗಳು ಬಾವಿಯ ತಳ ಕಾಣುತ್ತದೆ, ತೋಟದ ಕೆರೆ ಬತ್ತುತ್ತದೆ. ಮಳೆಗಾಲದಲ್ಲಿ ಬೇಡವೆನಿಸುವಷ್ಟು ನೀರು, ಬೇಸಗೆಯಲ್ಲಿ ಕೊಡಕ್ಕೂ ಗತಿಯಿಲ್ಲ. ಕಾಟನ್ನರು ಬದುಕಿಡೀ ಗುದ್ದಾಡಿದ್ದು ಇದೇ ವಿಚಿತ್ರದೊಡನೆ. ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಆಂಧ್ರದವರು ಗೆಲುವನ್ನು ಮಾತ್ರ ಹಾಡುತ್ತಾರೆ, ಅದು ಅವರ ಋಣ. ನಮಗೆ ಆ ಋಣವಿಲ್ಲವಾದ್ದರಿಂದ ಎರಡನ್ನೂ ನೋಡಬಹುದು.

ಕಾಟನ್ನರು ಹುಟ್ಟಿದ್ದು 1803ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ವುಡ್‌ಕೋಟ್ ಎಂಬಲ್ಲಿ. ಹನ್ನೊಂದು ಮಂದಿ ಗಂಡುಮಕ್ಕಳಲ್ಲಿ ಹತ್ತನೆಯವರು. ಅಷ್ಟು ದೊಡ್ಡ ಸಂಸಾರದ ಹುಡುಗರಿಗೆ ಆಗ ಇದ್ದ ದಾರಿಗಳು ಸೈನ್ಯ, ಚರ್ಚು ಇಲ್ಲವೇ ಇಂಡಿಯಾ. ಹದಿನೈದನೆಯ ವಯಸ್ಸಿಗೆ ಕಂಪೆನಿಯ ಸೈನಿಕ ಶಾಲೆಯಾದ ಅಡಿಸ್ಕೋಂಬಿಗೆ ಸೇರಿ, 1819ರಲ್ಲಿ ಇಂಜಿನಿಯರ್ ದಳಕ್ಕೆ ಆಯ್ಕೆಯಾಗಿ, ವೇಲ್ಸಿನಲ್ಲಿ ಸ್ವಲ್ಪ ಕಾಲ ಭೂಮಾಪನದ ಕೆಲಸ ಕಲಿತು, 1821ರಲ್ಲಿ ಮದರಾಸಿಗೆ ಬಂದಿಳಿದರು. ಆಗ ಅವರಿಗೆ ಹದಿನೆಂಟು ವರ್ಷ. ಮೊದಲ ವರ್ಷಗಳು ರಾಮೇಶ್ವರದ ಬಳಿಯ ಪಾಂಬನ್ ಕಾಲುವೆಯ ಅಳತೆಯಲ್ಲಿಯೂ, 1824ರಿಂದ ನಡೆದ ಬರ್ಮಾ ಯುದ್ಧದಲ್ಲಿಯೂ ಕಳೆದುವು. ಯುದ್ಧದ ವಿಚಾರ ನಮಗೆ ಬೇಡ. ಅಲ್ಲಿಂದ ಹಿಂತಿರುಗಿದ ಮೇಲೆ ಅವರನ್ನು ಕಾವೇರಿಯ ನೀರಾವರಿ ಪರಿಶೀಲಿಸಲು ಕಳುಹಿಸಿದರು. ಅವರ ನಿಜವಾದ ವಿದ್ಯಾಭ್ಯಾಸ ಶುರುವಾದದ್ದು ಅಲ್ಲಿಂದ.

ಕಾವೇರಿಯಲ್ಲಿ ಆಗಿದ್ದ ತೊಂದರೆ ಹೀಗೆ. ನಮ್ಮ ಕೊಡಗಿನಲ್ಲಿ ಹುಟ್ಟಿ ಮೈಸೂರು ಸೀಮೆಯನ್ನು ದಾಟಿ ಹೋಗುವ ಈ ನದಿ ತಿರುಚಿನಾಪಳ್ಳಿಯ ಹತ್ತಿರ, ಶ್ರೀರಂಗಂ ದ್ವೀಪದ ನೆತ್ತಿಯಲ್ಲಿ, ಎರಡಾಗಿ ಒಡೆಯುತ್ತದೆ. ಬಲಗಡೆಯದು ಕಾವೇರಿ, ತಂಜಾವೂರಿನ ಗದ್ದೆಗಳಿಗೆಲ್ಲ ನೀರುಣಿಸುವುದು ಇದೇ. ಎಡಗಡೆಯದು ಕೊಳ್ಳಿಡಂ; ಇದು ಹತ್ತಿರದ ದಾರಿ ಹಿಡಿದು, ಹೆಚ್ಚು ಇಳಿಜಾರಿನಲ್ಲಿ, ನೇರ ಸಮುದ್ರಕ್ಕೆ ಓಡುತ್ತದೆ. ನೀರು ಇಳಿಜಾರು ಕಂಡ ಕಡೆ ಹೋಗುವುದು ಸಹಜ. ವರ್ಷ ಹೋದಂತೆ ಕೊಳ್ಳಿಡದ ಪಾತ್ರ ಆಳವಾಗುತ್ತ, ಕಾವೇರಿಯ ಬಾಯಿಯಲ್ಲಿ ಮರಳು ತುಂಬುತ್ತ ಬಂತು. ಹೀಗೇ ಬಿಟ್ಟರೆ ತಂಜಾವೂರಿನ ಕಾವೇರಿ ಮರಳುಗಾಡಾಗಿ, ನೀರೆಲ್ಲ ಕೊಳ್ಳಿಡದ ಪಾಲಾಗುವುದು ಖಂಡಿತವಿತ್ತು.

ದ್ವೀಪದ ಕೆಳತುದಿಯಲ್ಲಿ ಚೋಳ ಕರಿಕಾಲನ ಹೆಸರಿನೊಡನೆ ಸೇರಿಹೋಗಿರುವ ಕಲ್ಲಣೆ ಇತ್ತು. ಅಲ್ಲಿ ಕಾವೇರಿಯ ನೀರು ಪುನಃ ಕೊಳ್ಳಿಡಕ್ಕೆ ಜಾರಿಹೋಗದಂತೆ ಅದು ತಡೆಯುತ್ತಿತ್ತು. ಸಾವಿರದ ಎಂಟುನೂರು ವರ್ಷಗಳಷ್ಟು ಹಳೆಯದೆಂದು ಹೇಳುವ ಈ ಕಟ್ಟಿಗೆ 1830ರ ಸುಮಾರಿಗೆ ಮರಳು ಹೊರಹಾಕುವ ತೂಬುಗಳನ್ನು ಇಡಬೇಕಾಗಿ ಬಂತು. ಒಡೆದು ನೋಡಿದಾಗ ಕಾಟನ್ನರಿಗೆ ಕಂಡ ಸಂಗತಿ ಅವರ ಶಾಲೆಯಲ್ಲಿ ಯಾರೂ ಕಲಿಸಿದ್ದಾಗಿರಲಿಲ್ಲ. ಅಡಿಯಲ್ಲಿ ಬಂಡೆಯಿಲ್ಲ, ಗಾರೆಯಿಲ್ಲ. ಒಡ್ಡೊಡ್ಡಾದ ಕಲ್ಲುಗಳನ್ನು ಮರಳಿಗೆ ಹಾಕುತ್ತ ಹೋಗಿದ್ದರು. ಪ್ರವಾಹ ಬಂದಾಗ ಕಲ್ಲು ಮರಳಿನೊಳಗೆ ಇಳಿಯುವುದು, ಮೇಲೆ ಮತ್ತೆ ಕಲ್ಲು ಹಾಕುವುದು, ಹೀಗೆ ಇಳಿದು ಇಳಿದು ಇನ್ನು ಇಳಿಯದೆಂಬ ಹಂತಕ್ಕೆ ಬಂದ ಮೇಲೆ ಜೇಡಿಮಣ್ಣಿನಲ್ಲಿ ಮೇಲಿನ ಕಟ್ಟನ್ನು ಎಬ್ಬಿಸಿದ್ದರು. ತಳವಿಲ್ಲದ ಮರಳಿನಲ್ಲೂ ಅಣೆ ನಿಲ್ಲುತ್ತದೆಂಬ ಗುಟ್ಟು ಅದು. ಹೆಸರು ಕೂಡ ಉಳಿಯದ ಆ ಹಳೆಯ ಮೇಸ್ತ್ರಿಗಳಿಂದ ತಾನು ಕಲಿತೆನೆಂಬುದನ್ನು ಕಾಟನ್ನರು ಮುಂದೆ ಎಂದೂ ಮುಚ್ಚಿಡಲಿಲ್ಲ. ಆಳುವ ಜಾತಿಯ ಅಧಿಕಾರಿಗಳಲ್ಲಿ ಈ ಗುಣ ವಿರಳ.

ನಮ್ಮಲ್ಲಿ ಏತಡ್ಕದ ಕಡೆ ಡಿಸೆಂಬರ್ ಬಂತೆಂದರೆ ತೋಡಿಗೆ ಕಟ್ಟ ಹಾಕುವುದನ್ನು ನೋಡಿದವರಿಗೆ ಈ ಮಾತು ಸುಲಭದಲ್ಲಿ ಅರ್ಥವಾದೀತು. ಕಲ್ಲು, ಮಣ್ಣು, ಅಡಿಕೆ ಮರದ ಸಲಿಕೆ, ಇಷ್ಟರಲ್ಲೇ ನೀರನ್ನು ನಿಲ್ಲಿಸಿ, ಎರಡು ದಡಗಳ ಬಾವಿಗಳಿಗೂ ಒರತೆ ಏರುವಂತೆ ಮಾಡುತ್ತಾರೆ. ಯಾವ ಜಾಗದಲ್ಲಿ ಹಾಕಬೇಕು, ಯಾವ ಜಾಗದಲ್ಲಿ ನಿಲ್ಲದು ಎಂಬುದು ಅಜ್ಜಂದಿರಿಂದ ಬಂದ ತಿಳುವಳಿಕೆ. ಕಾಲೇಜಿನಲ್ಲಿ ಕಲಿತು ಬಂದವರು ಮೊದಲು ಆ ಅಜ್ಜನ ಹತ್ತಿರ ಹೋಗಿ ಕೇಳುವ ಕ್ರಮ ಇಂದಿಗೂ ಕಡಿಮೆಯೇ.

ಕಲ್ಲಣೆಯಿಂದ ಕಲಿತದ್ದನ್ನು ಕಾಟನ್ನರು 1836ರಲ್ಲಿ ಕೊಳ್ಳಿಡದ ಮೇಲೆ ಪ್ರಯೋಗಿಸಿದರು. ದ್ವೀಪದ ನೆತ್ತಿಯಲ್ಲಿ, ಮುಕ್ಕೊಂಬಿನ ಬಳಿ, ಕೊಳ್ಳಿಡಕ್ಕೆ ಅಡ್ಡವಾಗಿ ಒಂದು ತಗ್ಗಾದ ಮೇಲಣೆ. ಬಹು ದೂರ ಕೆಳಗೆ ಅದೇ ಕೊಳ್ಳಿಡಕ್ಕೆ ಒಂದು ಕೆಳಅಣೆ, ವೀರಾಣಂ ಕೆರೆಯ ಕಡೆಗೆ ನೀರು ತಿರುಗಿಸಲು. ಬೇಸಗೆಯಲ್ಲಿ ನದಿ ಬತ್ತಿದ ಕೆಲವೇ ತಿಂಗಳೊಳಗೆ ಎಲ್ಲವನ್ನೂ ಮುಗಿಸಬೇಕು, ಮುಗಿಸಿದರು. ಕಾವೇರಿಗೆ ನೀರು ತಿರುಗಿತು. ತಂಜಾವೂರು ಉಳಿಯಿತು. ಆದರೆ ನದಿಯೊಡನೆ ಆಡುವುದು ಎಷ್ಟು ಸೂಕ್ಷ್ಮವೆಂದರೆ, ಕೆಲವೇ ವರ್ಷಗಳಲ್ಲಿ ರೋಗ ತಿರುಗಿ ಬಿತ್ತು. ಈಗ ಕಾವೇರಿಯ ಪಾತ್ರವೇ ಕೊರೆದು ಆಳವಾಗತೊಡಗಿ, ಬೇಕಾದುದಕ್ಕಿಂತ ಹೆಚ್ಚು ನೀರು ಅತ್ತ ನುಗ್ಗುವ ಭಯ ಬಂತು. 1845ರಲ್ಲಿ ಕಾವೇರಿಯ ಬಾಯಿಗೂ ಅಡ್ಡಲಾಗಿ ಒಂದು ತಳಗಟ್ಟು ಹಾಕಿ ಅದನ್ನು ಹದಕ್ಕೆ ತರಬೇಕಾಯಿತು. ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಮಿಸುಕುತ್ತದೆ, ನದಿ ಒಂದೇ ಮೈ ಎಂಬುದನ್ನು ಕಾಟನ್ನರು ಕಲಿತದ್ದು ಹೀಗೆ ಪೆಟ್ಟು ತಿಂದು. ಮುಕ್ಕೊಂಬಿನ ಆ ಮೇಲಣೆ, ಆಮೇಲಿನವರು ಕೂಡಿಸಿದ ಬಾಗಿಲುಗಳೊಡನೆ, ನೂರ ಎಂಬತ್ತು ವರ್ಷ ಬಾಳಿ, 2018ರ ಆಗಸ್ಟಿನ ಪ್ರವಾಹದಲ್ಲಿ ಒಂಬತ್ತು ಬಾಗಿಲುಗಳನ್ನು ಕಳೆದುಕೊಂಡಿತು.

ಇಲ್ಲಿ ಒಂದು ಸಣ್ಣ ಸಂಗತಿ, ಕೆಂಪುಕಲ್ಲಿನ ನಾಡಿನವರಾದ ನಮಗೆ ಸ್ವಾರಸ್ಯದ್ದು. ಅದೇ ವರ್ಷಗಳಲ್ಲಿ ಮದರಾಸು ಪಟ್ಟಣದ ರಸ್ತೆಗಳಿಗೆ ಕಲ್ಲು ಬೇಕಾಗಿತ್ತು. ಸಮೀಪದ ಕೆಂಪು ಗುಡ್ಡ, ಅಂದರೆ ರೆಡ್‌ಹಿಲ್ಸ್‌ನಲ್ಲಿ ಸಿಗುತ್ತಿದ್ದುದು ನಮ್ಮ ಮುರಕಲ್ಲಿನ ಜಾತಿಯ ಕಲ್ಲು. ಅದನ್ನು ತರಲು 1837ರಲ್ಲಿ ಕಾಟನ್ನರು ಕಬ್ಬಿಣದ ಹಳಿ ಹಾಕಿಸಿದರು. ಭಾರತದಲ್ಲಿ ರೈಲಿನ ಹಳಿ ಕಂಡದ್ದು ಅದೇ ಮೊದಲು. ಮುಂದೆ ರೈಲಿನ ಕಡು ವಿರೋಧಿಯೆಂದು ಹೆಸರಾದವರು ಹಾಕಿಸಿದ ಹಳಿ ಅದೆಂಬುದು ತಮಾಷೆ.

ಬಿಸಿಲು, ಜ್ವರಗಳಿಂದ ಅವರ ದೇಹ ಆಗಾಗ ಕುಸಿಯುತ್ತಿತ್ತು. ಆರೋಗ್ಯಕ್ಕೆಂದು ಟಾಸ್ಮೇನಿಯಾಕ್ಕೆ ಹೋಗಿ, ಅಲ್ಲಿ 1841ರಲ್ಲಿ ಎಲಿಜಬೆತ್ ಲರ್ಮಂತ್ ಎಂಬವರನ್ನು ಮದುವೆಯಾದರು. ಮರಳಿ ಬಂದ ಮೇಲೆ ವಿಶಾಖಪಟ್ಟಣದಲ್ಲಿ ಕಡಲ್ಕೊರೆತ ತಡೆಯುವ ಕೆಲಸ. ಅಲ್ಲಿಂದ ಗೋದಾವರಿ ದೂರವಿರಲಿಲ್ಲ.

ಗೋದಾವರಿಯ ರಾಜಮಹೇಂದ್ರಿ ಜಿಲ್ಲೆ ಆಗ ಮದರಾಸು ಪ್ರಾಂತದ ಅತ್ಯಂತ ದೈನ್ಯದ ಜಿಲ್ಲೆಗಳಲ್ಲಿ ಒಂದು. 1833ರಲ್ಲಿ ಭೀಕರ ಕ್ಷಾಮ, 1839ರಲ್ಲಿ ಚಂಡಮಾರುತದೊಡನೆ ಸಮುದ್ರವೇ ನಾಡಿನೊಳಕ್ಕೆ ನುಗ್ಗಿತು. 1821ರಲ್ಲಿ ಏಳು ಲಕ್ಷದ ಮೇಲಿದ್ದ ಜನಸಂಖ್ಯೆ 1841ಕ್ಕೆ ಐದೂವರೆ ಲಕ್ಷದ ಆಸುಪಾಸಿಗೆ ಇಳಿದಿತ್ತು. ಕಂದಾಯ ಬಾರದಿರುವುದನ್ನು ಕಂಡ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ವಿಚಾರಣೆಗೆ ಬಂದ ಸರ್ ಹೆನ್ರಿ ಮಾಂಟ್ಗೊಮರಿಯವರು, ತಂಜಾವೂರನ್ನು ಉಳಿಸಿದ ಇಂಜಿನಿಯರರನ್ನು ಕೇಳಿ ನೋಡುವುದೊಳಿತೆಂದು ಬರೆದರು. 1844ರಲ್ಲಿ ಕಾಟನ್ನರ ವರದಿ ಹೊರಟಿತು.

ವರದಿಯ ತಿರುಳು ಬಹಳ ಸರಳ. ದೇಶದ ಒಳಗೆ ನದಿಯೆಂದರೆ ಕಣಿವೆಯ ತಗ್ಗಿನಲ್ಲಿ ಹರಿಯುವಂಥಾದ್ದು. ಆದರೆ ಕಡಲ ಬಳಿಯ ಮುಖಜಭೂಮಿಯಲ್ಲಿ ಹಾಗಲ್ಲ. ಪ್ರತಿ ನೆರೆಯಲ್ಲೂ ನದಿ ತನ್ನ ದಡದ ಮೇಲೆ ಮೆಕ್ಕಲು ಸುರಿದು ಸುರಿದು, ಕೊನೆಗೆ ನದಿಯ ದಡವೇ ಊರಿಗಿಂತ ಎತ್ತರವಾಗಿರುತ್ತದೆ. ದಡದಿಂದ ದೂರ ಹೋದಷ್ಟೂ ನೆಲ ತಗ್ಗು. ಅದಕ್ಕಾಗಿಯೇ ನೆರೆ ಬಂದಾಗ ಊರು ಮುಳುಗುತ್ತದೆ. ನೆರೆ ಇಳಿದಾಗ ಆ ನೀರೇ ಗದ್ದೆಯ ಪಕ್ಕದಲ್ಲಿ ಹರಿದು ಹೋದರೂ ಗದ್ದೆಗೆ ಏರುವುದಿಲ್ಲ. ಕವಲೊಡೆಯುವ ಜಾಗದಲ್ಲಿ ನೀರಿನ ಮಟ್ಟವನ್ನು ಕೆಲವೇ ಅಡಿ ಎತ್ತರಿಸಿ, ಆ ಎತ್ತರದ ದಡದ ಮೇಲೆಯೇ ಕಾಲುವೆ ಒಯ್ದರೆ, ನೀರು ತನ್ನಷ್ಟಕ್ಕೇ ಎರಡೂ ಕಡೆಯ ತಗ್ಗಿನ ಗದ್ದೆಗಳಿಗೆ ಇಳಿದೀತು. ಪಂಪು ಬೇಡ, ಏತ ಬೇಡ. ಅದೇ ಕಾಲುವೆಯಲ್ಲಿ ದೋಣಿ ಓಡಿಸಿದರೆ ಬೆಳೆದ ಅಕ್ಕಿ ಪೇಟೆಗೂ ಹೋದೀತು. ನದಿಯ ದಡಗಳಿಗೆ ಒಡ್ಡು, ಹೊಲಗಳಿಗೆ ಕಾಲುವೆ, ಕಾಲುವೆಗೆ ದೋಣಿ, ಕಾಲುವೆಯ ಬದಿಯಲ್ಲಿ ರಸ್ತೆ: ಇವಿಷ್ಟನ್ನೂ ಒಂದೇ ಯೋಜನೆಯಾಗಿ ನೋಡಬೇಕೆಂಬುದು ಅವರ ವಾದ. ಆವರೆಗಿನ ಸರಕಾರಿ ಕ್ರಮ ಒಡೆದ ಕೆರೆಗೆ ತೇಪೆ ಹಾಕುವುದಷ್ಟೇ ಆಗಿತ್ತು.

1847ರಲ್ಲಿ ಧವಳೇಶ್ವರದಲ್ಲಿ ಕೆಲಸ ಶುರುವಾಯಿತು. ನದಿ ಅಲ್ಲಿ ದಡದಿಂದ ದಡಕ್ಕೆ ಸುಮಾರು ನಾಲ್ಕು ಮೈಲಿ ಅಗಲ. ನಡುವೆ ಲಂಕೆಗಳೆಂದು ಕರೆಯುವ ಮರಳ ದ್ವೀಪಗಳು. ಆ ದ್ವೀಪಗಳನ್ನು ಆಸರೆ ಮಾಡಿಕೊಂಡು ಧವಳೇಶ್ವರ, ರ‍್ಯಾಲಿ, ಮದ್ದೂರು, ವಿಜ್ಜೇಶ್ವರ ಎಂಬ ನಾಲ್ಕು ತುಂಡುಗಳಾಗಿ ಅಣೆ ಕಟ್ಟಬೇಕಿತ್ತು. ಕಟ್ಟಡದ ಭಾಗವೇ 11,866 ಅಡಿ, ಎರಡು ಮೈಲಿಗೂ ಮೇಲೆ. ಎತ್ತರ ಮಾತ್ರ ಹನ್ನೆರಡು ಅಡಿ. ಬುಡದಲ್ಲಿ ಬಂಡೆಯಿಲ್ಲ, ಬರಿಯ ಮರಳು. ಆರು ಅಡಿ ಆಳದ ಬಾವಿಗಳನ್ನು ಇಳಿಸಿ ಅವುಗಳ ಮೇಲೆ ಗೋಡೆ, ಗೋಡೆಗಳ ನಡುವೆ ಮರಳನ್ನೇ ತುಂಬಿ ಮೇಲೆ ಕಲ್ಲಿನ ಹೊದಿಕೆ, ಕೆಳಬದಿಗೆ ರಾಶಿ ರಾಶಿ ಒಡ್ಡುಗಲ್ಲು. ನೆರೆ ಕೊರೆದಂತೆ ಕಲ್ಲು ಇಳಿಯಲಿ, ಇಳಿದಂತೆ ಮತ್ತೆ ಹಾಕೋಣ. ಕರಿಕಾಲನ ಮೇಸ್ತ್ರಿಗಳ ಪಾಠ ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲ್ಪಟ್ಟಿತು. ಧವಳೇಶ್ವರದ ಗುಡ್ಡದಲ್ಲೇ ಕಲ್ಲು ಒಡೆದು ಹಳಿಗಾಡಿಗಳಲ್ಲಿ ಸಾಗಿಸಿದರು. ಸಾವಿರಾರು ಮಂದಿ ಆಳುಗಳು.

ಈ ಆಳುಗಳನ್ನು ಕೂಡಿಸಿ, ಅವರ ಕೂಲಿ, ಊಟ, ವಸತಿಗಳನ್ನು ನೋಡಿಕೊಂಡು ಕೆಲಸ ಸಾಗಿಸಿದವರು ವೀಣಂ ವೀರಣ್ಣ ಎಂಬ ತೆಲುಗು ಅಧಿಕಾರಿ. ದೊರೆಯ ಭಾಷೆ ಆಳುಗಳಿಗೆ ಬಾರದು, ಆಳುಗಳ ಕಷ್ಟ ದೊರೆಗೆ ತಿಳಿಯದು. ನಡುವೆ ವೀರಣ್ಣನವರಿಲ್ಲದೆ ಹೋಗಿದ್ದರೆ ಆ ಕಾಲದಲ್ಲಿ ಕೆಲಸ ಮುಗಿಯುತ್ತಿರಲಿಲ್ಲ. ಸರಕಾರ ಅವರಿಗೆ ರಾಯ್ ಬಹದ್ದೂರ್ ಬಿರುದು ಕೊಟ್ಟಿತು. ದೊರೆಗೆ ಸಾವಿರ ಪ್ರತಿಮೆ, ವೀರಣ್ಣನವರ ಹೆಸರು ಆಂಧ್ರದ ಹೊರಗೆ ಕೇಳಿದವರಿಲ್ಲ. ಹೀಗಾಗುವುದು ಲೋಕರೂಢಿ ಎನ್ನೋಣ, ಆದರೂ ನಾವು ಇಲ್ಲಿ ಹೆಸರಿಸುತ್ತೇವೆ.

1848ರಲ್ಲಿ ಬಿಸಿಲಿನ ಹೊಡೆತ ತಾಗಿ ಕಾಟನ್ನರು ಹಾಸಿಗೆ ಹಿಡಿದರು. ಎರಡು ವರ್ಷ ದೇಶ ಬಿಟ್ಟು ಹೋಗಬೇಕಾಯಿತು. ಅಷ್ಟು ಕಾಲ ಕ್ಯಾಪ್ಟನ್ ಓರ್ ಕೆಲಸ ನಡೆಸಿದರು. 1850ರಲ್ಲಿ ಕಾಟನ್ನರು ಹಿಂತಿರುಗಿದರು. 1852ರಲ್ಲಿ ಅಣೆ ಮುಗಿಯಿತು. ಮುಂದೆ ನದಿಯ ಕವಲನ್ನು ದಾಟಿ ನಡುಸೀಮೆಯ ನಾಗರಂ ದ್ವೀಪಕ್ಕೆ ನೀರೊಯ್ಯಲು ಗನ್ನವರದಲ್ಲಿ 49 ಕಮಾನುಗಳ ಮೇಲ್ಗಾಲುವೆಯನ್ನು ಲೆಫ್ಟಿನೆಂಟ್ ಹೇಗ್ ಕಟ್ಟಿಸಿದರು. ಕ್ಯಾಪ್ಟನ್ ಓರ್ ಬೆಜವಾಡದಲ್ಲಿ ಕೃಷ್ಣೆಗೂ ಅಂಥದೇ ಅಣೆ ಕಟ್ಟಿ 1855ಕ್ಕೆ ಮುಗಿಸಿದರು. ಖರ್ಚು ಮೊದಲ ಅಂದಾಜನ್ನು ಮೀರಿ ಹಲವು ಪಟ್ಟು ಬೆಳೆಯಿತೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಕಾಟನ್ನರ ಅಂದಾಜುಪಟ್ಟಿಗಳು ಯಾವಾಗಲೂ ಆಸೆಯ ಕಡೆಗೆ ವಾಲುತ್ತಿದ್ದುವು. ಆದರೆ ಫಲ ಬಂತು. ಮೂವತ್ತು ವರ್ಷ ಹಿಂದೆ ಜನ ಊರು ಬಿಟ್ಟು ಓಡಿದ ಸೀಮೆ, 1876-78ರ ಮಹಾಕ್ಷಾಮದಲ್ಲಿ ಬೇರೆ ಜಿಲ್ಲೆಗಳಿಗೆ ಅಕ್ಕಿ ಕಳುಹಿಸಿತು. ಇಂದು ಆ ಕಾಲುವೆಗಳ ಕೆಳಗೆ ಸುಮಾರು 10 ಲಕ್ಷ ಎಕ್ರೆ ಗದ್ದೆ ಇದೆ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಪ್ರತಿಮೆಯ ಕೆಳಗೆ ಕೆತ್ತಲು ಅನುಕೂಲ. ಆದರೆ ಕಾಟನ್ನರ ಬದುಕು ಇನ್ನೂ ಅರ್ಧ ಶತಮಾನ ಉಳಿದಿತ್ತು.

ಗೋದಾವರಿಯ ಯಶಸ್ಸು ಅವರ ತಲೆಯಲ್ಲಿ ದೊಡ್ಡದೊಂದು ನಕ್ಷೆಯನ್ನು ಬಿಡಿಸಿತು. ಭಾರತದ ನದಿಗಳನ್ನೆಲ್ಲ ಕಾಲುವೆಗಳಿಂದ ಹೊಂದಿಸಬೇಕು. ಅದೇ ಕಾಲುವೆ ಗದ್ದೆಗೂ ನೀರಾಗಬೇಕು, ಸರಕಿಗೂ ದಾರಿಯಾಗಬೇಕು. ರೈಲಿಗೆ ಸುರಿಯುವ ಹಣವನ್ನು ನೀರಿಗೆ ಸುರಿಯಬೇಕು. 1854ರಲ್ಲಿ ಭಾರತದ ಲೋಕೋಪಯೋಗಿ ಕಾಮಗಾರಿಗಳ ಕುರಿತು ಪುಸ್ತಕ ಬರೆದು ಈ ವಾದವನ್ನು ಲಂಡನ್ನಿನಲ್ಲೆಲ್ಲ ಹಬ್ಬಿಸಿದರು. 1860ರಲ್ಲಿ ನಿವೃತ್ತರಾದರು, ಮರುವರ್ಷ ಸರ್ ಪದವಿ ಬಂತು. ಗಂಗಾ ಕಾಲುವೆಯನ್ನು ಕಟ್ಟಿಸಿದ ಸರ್ ಪ್ರೋಬಿ ಕಾಟ್ಲಿಯವರೊಡನೆ, ಆ ಕಾಲುವೆಯ ತಲೆಯನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀರೆಂದು, ಬಹಿರಂಗವಾಗಿ ಜಗಳವಾಡಿದರು. ಎದುರಾಳಿಯ ಮಾತನ್ನು ಸಾವಧಾನವಾಗಿ ಕೇಳುವ ಅಭ್ಯಾಸ ಅವರಿಗಿರಲಿಲ್ಲ.

ನಕ್ಷೆಯ ಒಂದು ಗೆರೆ ನಮ್ಮ ಕನ್ನಡ ನದಿಯಾದ ತುಂಗಭದ್ರೆಯ ಮೇಲೆ ಹಾದು ಹೋಗಿತ್ತು. ಮದರಾಸು ನೀರಾವರಿ ಮತ್ತು ಕಾಲುವೆ ಕಂಪೆನಿ ಎಂಬೊಂದು ಖಾಸಗಿ ಕಂಪೆನಿ ಲಂಡನ್ನಿನಲ್ಲಿ ಹುಟ್ಟಿತು. ಅದರ ಹತ್ತು ಲಕ್ಷ ಪೌಂಡು ಬಂಡವಾಳಕ್ಕೆ ಶೇಕಡಾ 5ರ ಬಡ್ಡಿಯನ್ನು ಸರಕಾರ ವಹಿಸಿಕೊಂಡಿತು. ಕರ್ನೂಲಿನ ಬಳಿ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಣೆ ಹಾಕಿ, ಅಲ್ಲಿಂದ ಕಡಪದ ತನಕ ಸುಮಾರು 190 ಮೈಲಿ ಕಾಲುವೆ ತೋಡಿದರು. 1863ರಲ್ಲಿ ಹಿಡಿದ ಕೆಲಸ 1870ರ ಸುಮಾರಿಗೆ ಮುಗಿಯಿತು. ನೀರು ಬಂತು. ರೈತ ಬರಲಿಲ್ಲ.

ಕಾರಣ ನೆಲದಲ್ಲಿತ್ತು. ಗೋದಾವರಿಯ ಮೆಕ್ಕಲು ಮಣ್ಣಿನ ರೈತ ತಲೆತಲಾಂತರದಿಂದ ಭತ್ತದ ರೈತ. ನೀರು ಕೊಟ್ಟೊಡನೆ ಎರಡು ಕೈಯಲ್ಲಿ ಬಾಚಿಕೊಂಡ. ಕರ್ನೂಲಿನದು ಎರೆಮಣ್ಣು. ಒಂದು ಹದ ಮಳೆ ಬಿದ್ದರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಜೋಳವನ್ನು ಬೆಳೆಸಿಕೊಡುವ ಮಣ್ಣು. ಅದಕ್ಕೆ ಕಾಲುವೆ ನೀರು ಹರಿಸಿದರೆ ನೆಲ ಜವುಗಾಗುತ್ತದೆ, ಉಪ್ಪು ಏಳುತ್ತದೆ. ಮಳೆ ಬಂದ ವರ್ಷ ದುಡ್ಡು ಕೊಟ್ಟು ನೀರು ಯಾರಿಗೆ ಬೇಕು? ಮಹಾಕ್ಷಾಮದ ವರ್ಷ ಮಾತ್ರ ಕಾಲುವೆಯ ಬದಿಗೆ ಜನ ಮುಗಿಬಿದ್ದರು; ಮಳೆ ಮರಳಿದ ಮೇಲೆ ಅವರೂ ತಮ್ಮ ಜೋಳಕ್ಕೆ ಮರಳಿದರು. ಕಂಪೆನಿಗೆ ಬಡ್ಡಿಯಷ್ಟು ಕೂಡ ಹುಟ್ಟಲಿಲ್ಲ. 1882ರಲ್ಲಿ ಸರಕಾರವೇ ಅದನ್ನು ಕೊಂಡುಕೊಂಡಿತು. ಒರಿಸ್ಸಾದ ಮಹಾನದಿಯಲ್ಲಿ ಅವರ ಸಲಹೆಯಂತೆ ಹುಟ್ಟಿದ ಇನ್ನೊಂದು ಕಂಪೆನಿಯನ್ನು 1868ರಲ್ಲಿಯೇ ಸರಕಾರ ವಹಿಸಿಕೊಳ್ಳಬೇಕಾಗಿತ್ತು. ಗೋದಾವರಿಯ ಮೇಲ್ಭಾಗದಲ್ಲಿ ಬಂಡೆಗಳನ್ನು ದಾಟಿಸಿ ನಾಗಪುರದ ಸೀಮೆಯ ಹತ್ತಿಯನ್ನು ದೋಣಿಯಲ್ಲಿ ತರುವ ಯೋಜನೆ 1871ರಲ್ಲಿ ನಿಂತು ಹೋಯಿತು.

ಕಾಟನ್ನರು ಈ ಸೋಲುಗಳಿಗೆ ಕಂಪೆನಿಯ ದುಂದುಗಾರಿಕೆಯನ್ನೂ ಸರಕಾರದ ಅಸಡ್ಡೆಯನ್ನೂ ಹೊಣೆ ಮಾಡಿದರು. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವರು ಕಾವೇರಿಯ ದಡದಲ್ಲಿ ಕಲ್ಲಣೆಯನ್ನು ಒಡೆದು ನೋಡಿದ ಹಾಗೆ ಕರ್ನೂಲಿನ ಜೋಳದ ಹೊಲವನ್ನು ಕೆದಕಿ ನೋಡಲಿಲ್ಲವೆಂದೇ ನಮ್ಮ ಎಣಿಕೆ. ತರುಣ ಕ್ಯಾಪ್ಟನ್ನನಿಗೆ ಇದ್ದ ವಿನಯ ಹೆಸರುವಾಸಿ ಜನರಲ್ಲಿಗೆ ಉಳಿದಿರಲಿಲ್ಲ. ತುಂಗಭದ್ರೆಗೆ ದೊಡ್ಡ ಜಲಾಶಯ ಬೇಕೆಂಬ ಯೋಚನೆಯನ್ನು ಅವರು 1860ರಲ್ಲಿಯೇ ಮುಂದಿಟ್ಟಿದ್ದರೆನ್ನುವುದೂ ನಿಜ. ಹೊಸಪೇಟೆಯ ಬಳಿ ಆ ಅಣೆಕಟ್ಟು ಏಳಲು 1953 ಬರಬೇಕಾಯಿತು.

1877ರಲ್ಲಿ ಮದರಾಸು, ಮೈಸೂರು, ಮುಂಬಯಿ ಸೀಮೆಗಳಲ್ಲಿ ಜನ ಲಕ್ಷಗಟ್ಟಲೆ ಸಾಯುತ್ತಿದ್ದಾಗ ಎಪ್ಪತ್ತನಾಲ್ಕರ ಮುದುಕ ಕಾಟನ್ನರು ಮ್ಯಾಂಚೆಸ್ಟರಿನಲ್ಲಿ ಭಾಷಣ ಮಾಡಿ, ರೈಲಿಗೆ ಕೋಟಿಗಟ್ಟಲೆ ಸುರಿದ ಸರಕಾರ ನೀರಿಗೆ ಕೈಬಿಚ್ಚಲಿಲ್ಲವಾದ್ದರಿಂದಲೇ ಈ ಸಾವು ಎಂದು ಆಪಾದಿಸಿದರು. ಮರುವರ್ಷ ಪಾರ್ಲಿಮೆಂಟಿನಲ್ಲಿ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನರ ಅಧ್ಯಕ್ಷತೆಯ ಸಮಿತಿ ಅವರನ್ನು ಕರೆಸಿ ದಿನಗಟ್ಟಲೆ ಪಾಟೀಸವಾಲು ಮಾಡಿತು. ಕರ್ನೂಲು ಕಾಲುವೆಯ ಲೆಕ್ಕವನ್ನು ಮುಂದಿಟ್ಟು ಅವರ ಮಹಾನಕ್ಷೆಯನ್ನು ಅಲ್ಲಗಳೆಯಿತು. ಸಮಿತಿಯವರಿಗೆ ಲಾಭದ ಲೆಕ್ಕ ತಿಳಿದಿತ್ತು. ಹೊಟ್ಟೆಯ ಲೆಕ್ಕ ಕಾಟನ್ನರಿಗೆ ತಿಳಿದಿತ್ತು. ಸಮಿತಿಯ ತೀರ್ಪು ಕಾಟನ್ನರ ಕಾಲುವೆಗಳ ವಿಚಾರದಲ್ಲಿ ಅರ್ಧ ಸರಿ, ಕ್ಷಾಮದ ವಿಚಾರದಲ್ಲಿ ಕಾಟನ್ನರೇ ಪೂರ್ತಿ ಸರಿ ಎಂದು ನಮಗೆ ತೋರುತ್ತದೆ.

ಅವರ ಕಾಲದಲ್ಲಿ ಅಷ್ಟಾಗಿ ಯಾರೂ ನೋಡದ ಇನ್ನೆರಡು ಸಂಗತಿಗಳಿವೆ. ಒಂದು, ಗದ್ದೆಗೆ ನೀರು ತರುವ ಕಾಲುವೆಗೆ ಕೊಟ್ಟ ಗಮನ, ಹೆಚ್ಚಾದ ನೀರನ್ನು ಹೊರಗೊಯ್ಯುವ ತೋಡಿಗೆ ಸಿಗಲಿಲ್ಲ. ಗೋದಾವರಿ, ಕೃಷ್ಣೆಗಳ ಮುಖಜಭೂಮಿಯಲ್ಲಿ ಜೋರು ಮಳೆ ಬಂದಾಗ ಗದ್ದೆಯಲ್ಲಿ ವಾರಗಟ್ಟಲೆ ನೀರು ನಿಲ್ಲುವ ಕಷ್ಟ ಇಂದಿಗೂ ತಪ್ಪಿಲ್ಲ. ಇನ್ನೊಂದು ಹೆಚ್ಚು ಗಹನವಾದ್ದು. ನದಿಯ ಬಾಲದಲ್ಲಿ ಮೊದಲು ಅಣೆ ಕಟ್ಟಿ ಲಕ್ಷ ಲಕ್ಷ ಎಕ್ರೆ ಗದ್ದೆಯಾದ ಮೇಲೆ, ಆ ನೀರಿನ ಮೇಲೆ ಬಾಲದವರ ಹಕ್ಕು ನಿಂತು ಹೋಗುತ್ತದೆ. ಆಮೇಲೆ ತಲೆಯ ಕಡೆಯವನು ಕೆರೆಯೊಂದನ್ನು ಕಟ್ಟಹೊರಟರೂ ಅಪ್ಪಣೆ ಬೇಕು. ಕಾವೇರಿಯಲ್ಲಿ ನಡೆದದ್ದು ಅದೇ. ಮದರಾಸಿನ ಒಪ್ಪಿಗೆಯಿಲ್ಲದೆ ಮುಖ್ಯ ನದಿಗಳಲ್ಲಿ ಹೊಸ ಜಲಾಶಯ ಕಟ್ಟಬಾರದೆಂಬ 1892ರ ಒಪ್ಪಂದಕ್ಕೆ ಮೈಸೂರು ಕೊರಳೊಡ್ಡಬೇಕಾಯಿತು. ಕನ್ನಂಬಾಡಿ ಕಟ್ಟುವಾಗ ಮತ್ತೆ ವ್ಯಾಜ್ಯ, 1924ರಲ್ಲಿ ಮತ್ತೊಂದು ಒಪ್ಪಂದ. ಅಲ್ಲಿಂದ ಮುಂದಿನದು ಓದುಗರಿಗೆ ಗೊತ್ತಿದ್ದದ್ದೇ. ತಂಜಾವೂರಿನ ಬೇಸಾಯ ಕಾಟನ್ನರಿಗಿಂತ ಬಹಳ ಹಳೆಯದಾದ್ದರಿಂದ ತಪ್ಪೆಲ್ಲವನ್ನೂ ಅವರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ನದಿಯೊಂದೇ ಮೈ ಎಂದು ಸಾರಿದವರು ಆ ಮೈಯ ತಲೆಯ ಕಡೆ ಯಾರ ಹೊಲವಿದೆ ಎಂಬುದನ್ನು ಅಷ್ಟಾಗಿ ಎಣಿಸಲಿಲ್ಲ. ನಮ್ಮ ಪಯಸ್ವಿನಿ ಹುಟ್ಟುವುದು ಒಂದು ರಾಜ್ಯದಲ್ಲಿ, ಚಂದ್ರಗಿರಿಯಾಗಿ ಕಡಲು ಸೇರುವುದು ಇನ್ನೊಂದರಲ್ಲಿ. ಬಾವಿಕೆರೆಯಲ್ಲಿ ಉಪ್ಪುನೀರು ಏರದಂತೆ ವರ್ಷ ವರ್ಷವೂ ಮರಳು ಚೀಲದ ತಾತ್ಕಾಲಿಕ ಕಟ್ಟ ಹಾಕಿದ ದಿನಗಳನ್ನು ಕಾಸರಗೋಡಿನವರು ಮರೆತಿರಲಾರರು. ಆ ಕಟ್ಟದ ವಿಚಾರ ಮಾತಾಡುವಾಗಲೆಲ್ಲ ಮೇಲಿನ ತೋಟದವರು ಎಷ್ಟು ಪಂಪು ಇಟ್ಟಿದ್ದಾರೆಂಬ ಮಾತೂ ಬರುತ್ತಿತ್ತು.

ಧವಳೇಶ್ವರದ ಹಳೆಯ ಅಣೆಗೆ ವರ್ಷ ವರ್ಷ ಕಲ್ಲು ಸುರಿಯುತ್ತ ನೂರಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು ಬಂದರು. 1970ರಲ್ಲಿ ಕೆಲಸ ಹಿಡಿದು 1982ಕ್ಕೆ ಹೊಸ ಬ್ಯಾರೇಜು ಮುಗಿಸಿ ಅದಕ್ಕೆ ಕಾಟನ್ನರ ಹೆಸರನ್ನೇ ಇಟ್ಟರು. ಗೋದಾವರಿಯ ನೀರನ್ನು ಕೃಷ್ಣೆಗೆ ತರುವ ಅವರ ಕನಸು 2015ರಲ್ಲಿ ಪಟ್ಟಿಸೀಮದ ಪಂಪುಗಳ ಮೂಲಕ ನನಸಾಯಿತು. ಪಂಪು ಬೇಡ, ಇಳಿಜಾರೇ ಸಾಕೆನ್ನುತ್ತಿದ್ದ ಕಾಟನ್ನರು ಅದನ್ನು ಮೆಚ್ಚುತ್ತಿದ್ದರೋ ಇಲ್ಲವೋ!

ಕೊನೆಯ ವರ್ಷಗಳನ್ನು ಕಾಟನ್ನರು ಇಂಗ್ಲೆಂಡಿನ ಡಾರ್ಕಿಂಗ್ ಎಂಬ ಊರಿನಲ್ಲಿ ಕಳೆದರು. ಅರಬ್ಬಿ ಭಾಷೆ ಕಲಿಯುವವರಿಗಾಗಿ ಒಂದು ಬಾಲಬೋಧೆಯನ್ನು ಬರೆದು ಪ್ರಕಟಿಸಿದ್ದರು. ಆಮೇಲೆ ಅವರ ಗೀಳು ಗೋಧಿಯ ಕಡೆ ತಿರುಗಿತು. ಮನೆಯ ಹಿತ್ತಿಲಲ್ಲಿ ನೆಲವನ್ನು ಬಹು ಆಳಕ್ಕೆ ಅಗೆದು, ಬೇರಿಗೆ ಗಾಳಿ ಆಡುವಂತೆ ಮಾಡಿ, ತುಂಡು ನೆಲದಲ್ಲಿ ಎಷ್ಟು ಕಾಳು ಬಿಡುತ್ತದೆಂದು ತೊಂಬತ್ತು ದಾಟಿದ ಮೇಲೂ ಲೆಕ್ಕ ಹಾಕುತ್ತಿದ್ದರು. ಕರ್ನೂಲಿಗೆ ಹೋಗುವ ಮೊದಲು ನೆಲದ ಕಡೆ ಈ ಗಮನ ಹರಿದಿದ್ದರೆ ಎಂದು ನಮಗೆ ಅನ್ನಿಸದಿರದು. 1899ರ ಜುಲೈ 24ರಂದು, 96ನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡರು. ಮರುವರ್ಷ ಮಗಳು ಲೇಡಿ ಹೋಪ್ ಅವರ ಜೀವನಚರಿತ್ರೆಯನ್ನು ಹೊರತಂದರು. ಗೋದಾವರಿಯ ಕೋನಸೀಮೆಯಲ್ಲಿ ಈಗಲೂ ನದಿಸ್ನಾನದ ಸಂಕಲ್ಪದಲ್ಲಿ ಪುರೋಹಿತರು ಈ ಕ್ರೈಸ್ತ ದೊರೆಯ ಹೆಸರನ್ನು ಸೇರಿಸಿ ಹೇಳುವುದುಂಟಂತೆ.